ಕೂಲರ್ ಮುಂದೆ ಕೂತ ಕಂಪ್ಯೂಟರ್

ನಮ್ಮವರು ಸಿಗರೇಟು ಬಿಟ್ಟದ್ದು ಕಂಪ್ಯೂಟರಿನಲ್ಲಿ ಇಸ್ಪೀಟು ಆಡಿ. ಹೇಳಿದರೆ ಈಗಲೂ ಕೆಲವರು ನಗುತ್ತಾರೆ. ನಗಲಿ. ಕಲಬುರಗಿಯ ಡಾಕ್ಟರು ಅವರ ಎದೆಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಇನ್ನ ಮುಂದ ಸೇದಿದ್ರ ನನ್ನ ಕಡಿ ಬರಬ್ಯಾಡ್ರಿ. ಬಂದ್ರೂ ನನಗೇನೂ ಮಾಡಾಕ ಆಗೂದಿಲ್ಲ" ಎಂದು ನನ್ನೆದುರಿಗೇ ಹೇಳಿದ್ದರು. ನಾರಾಯಣಪುರದ ಕ್ಯಾಂಪಿನಲ್ಲಿದ್ದುಕೊಂಡು ನೌಕರಿಯ ಅಷ್ಟೂ ವರ್ಷ ಕಾಲುವೆ ಕಾಯ್ದ ಮನುಷ್ಯ. ಬಿಸಿಲಲ್ಲಿ ದಂಡೆಯ ಮೇಲೆ ನಿಂತಾಗ ಸಿಗರೇಟು, ಸಂಜೆ ಕ್ಲಬ್ಬಿನಲ್ಲಿ ರಮ್ಮಿ ಆಡುವಾಗ ಸಿಗರೇಟು. ರಿಟೈರ್ ಆಗಿ ಸುರಪುರದ ಮನೆಗೆ ಬಂದ ಮೇಲೆ ದಂಡೆಯೂ ಹೋಯಿತು, ಕ್ಲಬ್ಬೂ ಹೋಯಿತು, ಸಿಗರೇಟು ಮಾತ್ರ ಜೊತೆಗೇ ಬಂತು.

ಕಂಪ್ಯೂಟರ್ ನನ್ನದು. ಹೈಸ್ಕೂಲಿನ ಹುಡುಗಿಯರಿಗೆ ಮನೆಯಲ್ಲೇ ಇಂಗ್ಲಿಷ್ ಟ್ಯೂಷನ್ ಹೇಳುತ್ತಿದ್ದೆ. ಗ್ರಾಮರ್ ನೋಟ್ಸ್ ಟೈಪ್ ಮಾಡಲೆಂದು ತರಿಸಿಕೊಂಡದ್ದು. ಅದರೊಳಗೆ ಸಾಲಿಟೇರ್ ಎಂಬ ಆಟವಿದೆ ಎಂದು ಅವರಿಗೆ ತೋರಿಸಿದವಳೂ ನಾನೇ. ನಾನು ಓದಿದ ಹೈದರಾಬಾದಿನ ಕಾನ್ವೆಂಟಿನಲ್ಲಿ ವಯಸ್ಸಾದ ಸಿಸ್ಟರ್ ಒಬ್ಬರು ಊಟವಾದ ಮೇಲೆ ಇದೇ ಆಟವನ್ನು ಇಸ್ಪೀಟಿನ ಎಲೆ ಹರವಿಕೊಂಡು ಒಬ್ಬರೇ ಆಡುತ್ತಿದ್ದರು. ಅವರು ಅದನ್ನು ಪೇಶೆನ್ಸ್, ಅಂದರೆ ತಾಳ್ಮೆ, ಎನ್ನುತ್ತಿದ್ದರು. ಡಾಕ್ಟರ ಹತ್ತಿರ ಹೋಗಿಬಂದ ವಾರದಲ್ಲೇ ನಮ್ಮಿಬ್ಬರಲ್ಲಿ ಒಂದು ಅಗ್ರಿಮೆಂಟ್ ಆಯಿತು. ಸೇದಬೇಕು ಅನ್ನಿಸಿದಾಗ ಅವರು ಮೊದಲು ಒಂದು ಆಟ ಆಡಬೇಕು. ಆಟ ಮುಗಿದ ಮೇಲೂ ಬೇಕು ಅನ್ನಿಸಿದರೆ ಆಗ ನೋಡೋಣ. ಮೌಸ್ ಹಿಡಿದ ಬಲಗೈಗೆ ಬೇರೆ ಏನೂ ಬೇಕಾಗಲಿಲ್ಲ. ಸಂಕ್ರಾಂತಿಯಿಂದ ಹೋಳಿಯವರೆಗೆ ಹೀಗೇ ನಡೆಯಿತು. ನನ್ನ ಗ್ರಾಮರ್ ನೋಟ್ಸ್ ಪ್ಯಾಸಿವ್ ವಾಯ್ಸ್‌ಗೇ ನಿಂತುಬಿಟ್ಟವು. ನಾನು ಕಂಪ್ಲೇಂಟ್ ಮಾಡಲಿಲ್ಲ.

ಹೋಳಿ ದಾಟಿ ಬಿಸಿಲು ಏರಿತು. ಬೋನಾಳದ ಕಡೆ ನಮ್ಮದೊಂದಿಷ್ಟು ಹೊಲವಿದೆ. ಕಾಲುವೆ ನೀರು ಬಂದ ಮೇಲೆ ಅಲ್ಲಿ ಜೋಳ ಹೋಗಿ ಮೆಣಸಿನಕಾಯಿ ಬಂದಿತ್ತು. ಒಣಗಿದ ಕಾಯಿಯ ಚೀಲಗಳು ನಮ್ಮ ಪಡಸಾಲೆಗೇ ಬಂದು ಕೂರುತ್ತಿದ್ದವು, ಕಂಪ್ಯೂಟರಿನ ಮೇಜಿನ ಪಕ್ಕದಲ್ಲೇ. ಪ್ರತಿ ವರ್ಷ ತೊಟ್ಟು ಬಿಡಿಸಲು ಬರುವ ಹೆಂಗಸೊಬ್ಬಳಿದ್ದಳು. ನನಗಿಂತ ಸ್ವಲ್ಪ ಚಿಕ್ಕವಳು, ಬಾಯಿ ಮಾತ್ರ ದೊಡ್ಡದು. ಅವಳು ಕಾಯಿಯ ರಾಶಿ ಮುಂದೆ ಹಾಕಿಕೊಂಡು ಕೂತಿದ್ದ ಒಂದು ಮಧ್ಯಾಹ್ನ, ನಮ್ಮವರು ಆಟದ ನಡುವೆ ಇದ್ದಾಗ, ಕಂಪ್ಯೂಟರಿನ ಡಬ್ಬದೊಳಗಿಂದ ಆಂಬುಲೆನ್ಸಿನಂಥ ಕೂಗು ಎದ್ದಿತು. ನಾವು ಮೂವರೂ ಅದರ ಕಡೆ ನೋಡುತ್ತಿದ್ದಂತೆ ಪರದೆ ಕಪ್ಪಾಯಿತು.

"ಅಮ್ಮಾರ, ನಿಮ್ಮ ಡಬ್ಬಿ ಯಾಕೋ ಅಳಾಕತ್ತಿತ್ತಲ್ರಿ" ಎಂದಳು ಅವಳು. "ಸಾಹೇಬ್ರು ದಿನಾ ಸೋಲೂದು ನೋಡಿ ನೋಡಿ ಅದಕ್ಕೂ ಸಾಕಾಗಿರಬೇಕು."

"ನೀ ನಿನ್ನ ತೊಟ್ಟು ನೋಡ್ಕೋ" ಎಂದರು ಇವರು.

ಮತ್ತೆ ಚಾಲೂ ಮಾಡಿದಾಗ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಒಂದು ಸಾಲು ಬಂತು. ನಾನು ಓದಿ ಹೇಳಿದೆ: "ಸಿಪಿಯು ಓವರ್ ಟೆಂಪರೇಚರ್ ಅಂತ ಬರದದ ನೋಡ್ರಿ. ಒಳಗ ಪ್ರೊಸೆಸರ್ ಭಾಳ ಬಿಸಿ ಆಗ್ಯಾದಂತ."

"ಬಿಸಿ ಆದ್ರ ತಣ್ಣಗ ಮಾಡೋಣು. ಅದೇನ ದೊಡ್ಡ ಮಾತು" ಎಂದು ಇವರು ಎದ್ದರು.

ನಮ್ಮ ಕಡೆಯ ಎಲ್ಲ ಮನೆಗಳಂತೆ ನಮ್ಮಲ್ಲೂ ಒಂದು ತಗಡಿನ ಕೂಲರ್ ಇತ್ತು. ಮೂರು ಬದಿಗೆ ಹುಲ್ಲಿನ ಪ್ಯಾಡು, ಅದರ ಮೇಲೆ ಇಳಿಯುವ ನೀರು, ನಡುವೆ ದೊಡ್ಡ ಫ್ಯಾನು. ಅದನ್ನು ಇವರು ಎಳೆದು ತಂದು ಕಂಪ್ಯೂಟರಿನ ಎದುರಿಗೆ ನಿಲ್ಲಿಸಿದರು. ಗಾಳಿ ಒಳಗೆ ಚೆನ್ನಾಗಿ ಹೋಗಲಿ ಎಂದು ಡಬ್ಬದ ಪಕ್ಕದ ಮುಚ್ಚಳವನ್ನೂ ಬಿಚ್ಚಿಟ್ಟರು. ನನಗೂ ಅದು ಸೆನ್ಸಿಬಲ್ ಅನ್ನಿಸಿತು. ಒಂದೆರಡು ದಿನ ಆಟ ನಿಲ್ಲದೆ ನಡೆಯಿತು. ಕಂಪ್ಯೂಟರಿಗೆ ತಂಪು ಹವಾ, ಮನುಷ್ಯರಿಗೆ ಧಗೆ. ತೊಟ್ಟು ಬಿಡಿಸುವವಳು ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ, "ಮುಂದಿನ ಜನ್ಮದಾಗ ಕಂಪ್ಯೂಟರ್ ಆಗಿ ಹುಟ್ಟಬೇಕ್ರಿ ಅಮ್ಮಾರ. ಕೂತಲ್ಲೇ ಕೂಲರ್" ಎಂದಳು.

ಆಮೇಲೆ ಮೊದಲಿಗಿಂತ ಕೆಟ್ಟಿತು. ಎಲೆ ಹರವುವಷ್ಟರಲ್ಲಿ ಕೂಗು ಶುರು. ಒಂದು ಆಟವೂ ಮುಗಿಯದು. ಇವರು ಕಪ್ಪು ಪರದೆಯ ಮುಂದೆ ಸ್ವಲ್ಪ ಹೊತ್ತು ಕೂತು, ಎದ್ದು ಚಪ್ಪಲಿ ಮೆಟ್ಟುತ್ತಿದ್ದರು.

"ಎಲ್ಲಿಗ್ರಿ?"

"ಜರಾ ಗಾಳಿಗಿ ಹೋಗಿ ಬರ್ತೀನಿ."

ಸುರಪುರದಲ್ಲಿ ಆ ಬಿಸಿಲಿಗೆ ಯಾವ ಗಾಳಿ? ಓಣಿಯ ಮೂಲೆಯಲ್ಲಿ ಪಾನ್ ಅಂಗಡಿ ಇತ್ತು, ಅಷ್ಟೆ. ಅವರು ತಿರುಗಿ ಬಂದು ಅಂಗಿ ಕಳಚಿದಾಗ ಅದನ್ನು ಗೂಟಕ್ಕೆ ಹಾಕುವ ನೆಪದಲ್ಲಿ ಮೂಸಿ ನೋಡುತ್ತಿದ್ದೆ. ಬರೀ ಬೆವರು. ನಾನು ಮೂಸುವುದನ್ನು ಅವರು ನೋಡಿದರು, ಸಿಟ್ಟಾಗಲಿಲ್ಲ.

"ಅಂಗಡಿ ಮುಂದ ನಿಂತಿದ್ದೆ. ನಿಂತದ್ದಷ್ಟ. ನಾಳಿ ಬರೇ ನಿಲ್ತೀನೋ ಇಲ್ಲೋ ಹೇಳಾಕ ಬರೂದಿಲ್ಲ" ಎಂದರು.

ಸುಳ್ಳು ಹೇಳಿದ್ದರೆ ಜಗಳ ತೆಗೆಯಬಹುದಿತ್ತು. ಖರೆ ಹೇಳುವವರ ಹತ್ತಿರ ಏನು ಜಗಳ ಮಾಡುವುದು? ಕಂಪ್ಯೂಟರ್ ರಿಪೇರಿಯ ಅಂಗಡಿ ಇದ್ದದ್ದು ಶಹಾಪುರದಲ್ಲಿ. ಕೊಟ್ಟರೆ ವಾರಗಟ್ಟಲೆ ಇಟ್ಟುಕೊಳ್ಳುತ್ತಾರೆ. ಒಂದು ವಾರ ಇವರ ಬಲಗೈ ಖಾಲಿ ಇರುವುದು ನನಗೆ ಬೇಡವಾಗಿತ್ತು. ಮರುದಿನ ಬೆಳಿಗ್ಗೆ ವೈರುಗಳನ್ನೆಲ್ಲ ಕಿತ್ತು, ಡಬ್ಬವನ್ನು ಚಾಪೆಯ ಮೇಲೆ ಮಲಗಿಸಿ, ಹೊಲಿಗೆ ಮಿಷಿನ್ನಿನ ಸ್ಕ್ರೂ ಡ್ರೈವರ್ ತಂದು ಕೂತೆ.

ಪ್ರೊಸೆಸರ್ ಕಣ್ಣಿಗೆ ಬೀಳುವುದಿಲ್ಲ. ಅದರ ಮೇಲೆ ಅಲ್ಯೂಮಿನಿಯಮ್ಮಿನ ಒಂದು ಗಟ್ಟಿ, ಆ ಗಟ್ಟಿಗೆ ಬಾಚಣಿಕೆಯ ಹಲ್ಲಿನಂತೆ ತೆಳ್ಳನೆಯ ತಗಡುಗಳು, ಅದರ ಮೇಲೆ ಒಂದು ಸಣ್ಣ ಫ್ಯಾನು. ಪ್ರೊಸೆಸರಿನ ಬಿಸಿಯನ್ನು ಆ ಗಟ್ಟಿ ಹೀರಿಕೊಳ್ಳಬೇಕು, ತಗಡುಗಳ ಸಂದಿಯಲ್ಲಿ ಫ್ಯಾನಿನ ಗಾಳಿ ಹಾದು ಅದನ್ನು ಹೊರಗೆ ಒಯ್ಯಬೇಕು. ಫ್ಯಾನು ಬಿಚ್ಚಿದೆ. ಸಂದಿಗಳೇ ಕಾಣಲಿಲ್ಲ. ಕೆಂಪು ಮಿಶ್ರಿತ ಕಂದು ಬಣ್ಣದ ಒಂದು ಪದರ ಕಂಬಳಿಯ ಹಾಗೆ ಕೂತಿತ್ತು. ಧೂಳು ಎಂದುಕೊಂಡು ಬಾಯಿಂದ ಜೋರಾಗಿ ಊದಿದೆ.

ಅದು ಮೆಣಸಿನಕಾಯಿ. ಕಣ್ಣು, ಮೂಗು, ಗಂಟಲು ಎಲ್ಲ ಒಮ್ಮೆಲೇ ಉರಿದವು. ನಾನು ಸೀನಿದೆ, ಇವರು ಸೀನಿದರು, ದಿನವಿಡೀ ಕಾಯಿಯ ನಡುವೆ ಕೂತರೂ ಸೀನದ ಆ ಹೆಂಗಸೂ ಸೀನಿದಳು.

"ಕಂಪ್ಯೂಟರಿಗಿ ಒಗ್ಗರಣಿ ಹಾಕೀರೇನ್ರಿ ಅಮ್ಮಾರ" ಎಂದು ಕಣ್ಣೊರೆಸಿಕೊಂಡು ನಕ್ಕಳು.

ಇವರು ಟಾರ್ಚ್ ಹಿಡಿದು ಬಗ್ಗಿದರು. ಕಡ್ಡಿಯಿಂದ ಪದರದ ಒಂದು ಚೂರು ಎಬ್ಬಿಸಿ ಬೆರಳಲ್ಲಿ ತಿಕ್ಕಿ ನೋಡಿದರು. "ಹೂಳು" ಎಂದರು. ಟಾರ್ಚನ್ನು ಕೂಲರಿನ ಕಡೆ ತಿರುಗಿಸಿ, "ಕಾಯಿ ಪುಡಿ ಮೊದಲ ಇತ್ತು. ನಾವು ಕೂಲರ್ ಹಚ್ಚಿ ಹಸಿ ಗಾಳಿ ಬಿಟ್ಟೀವಿ. ಪುಡಿ ಹಸಿ ಆಗಿ ಕೂತದ, ಮತ್ತ ಒಣಗ್ಯಾದ, ಮತ್ತ ಕೂತದ. ಕಾಲುವ್ಯಾಗ ಆಗೂದೂ ಹಿಂಗ" ಎಂದರು.

ಕಾಲುವೆ ಬಂದ್ ಮಾಡಿದ ತಿಂಗಳುಗಳಲ್ಲಿ ಹೂಳು ತೆಗೆಸುವುದು ಅವರ ಜೀವಮಾನದ ಕೆಲಸವಾಗಿತ್ತು. ಮೂಗಿಗೆ ಟವೆಲ್ ಕಟ್ಟಿಕೊಂಡು ಚಾಪೆಯ ಮೇಲೆ ಪದ್ಮಾಸನ ಹಾಕಿ ಕೂತರು. ಕಸಬರಿಗೆಯ ಕಡ್ಡಿ, ಹಳೆಯ ಟೂತ್ ಬ್ರಷ್. ಒಂದೊಂದೇ ಸಂದಿ. ನಾನು ನಡುವಿನಿಂದ ಶುರು ಮಾಡಹೋದರೆ ಕೈ ತಡೆದರು: "ತುದಿಯಿಂದ ಬಾ. ನಡುವ ಕೆದರಿದ್ರ ಅಷ್ಟೂ ತುದಿಗಿ ಹೋಗಿ ಕೂಡ್ತದ." ಕ್ಯಾಂಪಿನಲ್ಲಿ ಕೆಲಸದವರ ಮೇಲೆ ಹೀಗೇ ರೇಗುತ್ತಿದ್ದರೋ ಏನೋ. ಅಷ್ಟು ವರ್ಷ ಕ್ವಾರ್ಟರ್ಸಿನಲ್ಲಿದ್ದರೂ ನಾನು ಒಮ್ಮೆಯೂ ಅವರ ಕೆಲಸ ನೋಡಲು ಹೋಗಿರಲಿಲ್ಲ. ಅವತ್ತು ಮಧ್ಯಾಹ್ನ ಅವರು ಗಾಳಿಗೆಂದು ಏಳಲಿಲ್ಲ.

ಗಟ್ಟಿಯನ್ನು ಎತ್ತಿದಾಗ ಅದರ ಅಡಿಯಲ್ಲಿ, ಪ್ರೊಸೆಸರಿನ ಮೇಲೆ, ಬೂದು ಬಣ್ಣದ್ದೇನೋ ಒಣಗಿ ಬಿರುಕು ಬಿಟ್ಟಿತ್ತು. ಇದೂ ಕೊಳೆ ಎಂದು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿಬಿಟ್ಟೆ. ಆಮೇಲೆ ಯಾಕೋ ಸಂಶಯ ಬಂತು. ಕಂಪ್ಯೂಟರಿನ ಜೊತೆ ಬಂದ ಇಂಗ್ಲಿಷ್ ಮ್ಯಾನ್ಯುಯಲ್ ತೆಗೆದು ಕನ್ನಡಕ ಹಾಕಿಕೊಂಡು ಓದಿದೆ. ಅದು ಕೊಳೆಯಲ್ಲ, ಪೇಸ್ಟು. ಪ್ರೊಸೆಸರಿಗೂ ಗಟ್ಟಿಗೂ ನಡುವೆ ಸಂದು ಉಳಿಯದಂತೆ, ಬಿಸಿ ಸರಾಗ ದಾಟುವಂತೆ ಹಚ್ಚುವಂಥದ್ದು. ಹಳೆಯದನ್ನು ತೆಗೆದರೆ ಹೊಸದನ್ನು ಹಚ್ಚಲೇಬೇಕು.

"ಹಲ್ಲುಜ್ಜೂ ಪೇಸ್ಟ್ ನಡಿಯೂದಿಲ್ಲೇನು?" ಎಂದರು ಇವರು.

"ಇಲ್ರಿ. ಶಹಾಪುರಕ್ಕ ಹೋಗಬೇಕು."

"ನಾ ಒಬ್ಬನ ಹೋಗಿ ತರ್ತೀನಿ."

"ನಾನೂ ಬರ್ತೀನಿ."

"ಯಾಕ, ಪೊಲೀಸ್ ಡ್ಯೂಟಿ ಏನು?"

"ಹೌದ್ರಿ."

ಮರುದಿನ ಬಸ್ಸಿನಲ್ಲಿ ಹೋದೆವು. ದಾರಿಯುದ್ದಕ್ಕೂ ನೀರು ಬಂದ್ ಆದ ಕಾಲುವೆ ಕಾಣುತ್ತಿತ್ತು. ಇವರು ಕಿಟಕಿಯಿಂದ ಅದನ್ನೇ ನೋಡುತ್ತ, ಯಾವ ತಿರುವಿನಲ್ಲಿ ಹುಲ್ಲು ಬೆಳೆದಿದೆ, ಎಲ್ಲಿ ಗೋಡೆ ಕುಸಿದಿದೆ ಎಂದು ಹೇಳುತ್ತಿದ್ದರು. ಅಂಗಡಿಯವನು ನಮ್ಮಿಬ್ಬರನ್ನೂ ಮೇಲೆ ಕೆಳಗೆ ನೋಡಿ, "ಡಬ್ಬಿನ ತರಬೇಕಿತ್ರಿ ಅಂಕಲ್. ಮನ್ಯಾಗ ಬಿಚ್ಚಿದ್ರ ಕೆಲಸ ಕೆಡ್ತದ" ಎಂದ. "ಬಿಚ್ಚಿ ಆಗ್ಯಾದಪ್ಪ, ಈಗ ಪೇಸ್ಟ್ ಕೊಡು" ಎಂದರು ಇವರು. ಅವನು ಇಂಜೆಕ್ಷನ್ನಿನಂಥ ಒಂದು ಸಣ್ಣ ಕೊಳವೆ ಕೊಟ್ಟು, "ತೊಗರಿ ಬ್ಯಾಳಿಯಷ್ಟ ಸಾಕ್ರಿ ಆಂಟಿ. ಬೆಣ್ಣಿ ಸವರಿದಂಗ ಸವರಬ್ಯಾಡ್ರಿ" ಎಂದ.

ಬಸ್ ಸ್ಟ್ಯಾಂಡಿಗೆ ಬಂದರೆ ಸುರಪುರದ ಬಸ್ಸು ಇರಲಿಲ್ಲ. ನಾವು ಕೂತ ಬೆಂಚಿನ ಎದುರಿಗೇ ಪಾನ್ ಅಂಗಡಿ. ಇವರು ಅತ್ತ ನೋಡುವುದು, ಇತ್ತ ನೋಡುವುದು, ಕಾಲು ಬದಲಿಸುವುದು. ನನಗೇ ಅಯ್ಯೋ ಅನ್ನಿಸಿತು.

"ಹೋಗೂದಿದ್ರ ಹೋಗ್ರಿ" ಎಂದೆ. "ನಾ ಇಲ್ಲೇ ಕೂಡ್ತೀನಿ. ಜೀವ ಇರೂತನ ನಿಮ್ಮ ಹಿಂದ ಹಿಂದ ಅಡ್ಡಾಡಾಕ ನನಗಾಗೂದಿಲ್ಲ."

ಅವರು ಎದ್ದು ಹೋದರು. ನಾನು ನೋಡಬಾರದೆಂದು ಬಸ್ಸಿನ ಬೋರ್ಡುಗಳನ್ನು ಓದುತ್ತ ಕೂತೆ. ತಿರುಗಿ ಬಂದವರು ಅಂಗೈ ಬಿಚ್ಚಿ ತೋರಿಸಿದರು. ಒಂದೇ ಒಂದು ಸಿಗರೇಟು, ಹಚ್ಚಿರಲಿಲ್ಲ.

"ತಗೊಂಡೀನಿ. ಇವತ್ತ ಸಂಜಿಗಿ ಮಿಷಿನ್ ನಡೀತಂದ್ರ ಇದು ನನಗ ಬ್ಯಾಡ. ನಡೀಲಿಲ್ಲಂದ್ರ ನೀ ಏನೂ ಅನ್ನಬಾರದು."

ಆಯಿತು ಎಂದೆ.

ಮನೆಗೆ ಬಂದು, ಉಂಡು, ಮತ್ತೆ ಚಾಪೆಯ ಮೇಲೆ ಕೂತೆವು. ಪೇಸ್ಟನ್ನು ನಾನೇ ಇಟ್ಟೆ, ಬೇಳೆಯಷ್ಟು. ಗಟ್ಟಿಯನ್ನು ಅದರ ಮೇಲೆ ನೆಟ್ಟಗೆ ಇಳಿಸಿ ಎರಡೂ ಕಡೆಯ ಕೊಂಡಿ ಒತ್ತಿ ಕೂರಿಸಿದವರು ಅವರು. ಫ್ಯಾನು ಬಿಗಿದೆವು. ಕೂಲರನ್ನು ಎಳೆದು ಅದರ ಹಳೆಯ ಜಾಗದಲ್ಲಿಟ್ಟೆವು. ಮೆಣಸಿನಕಾಯಿಯ ಚೀಲಗಳನ್ನು ಆ ಹೆಂಗಸೂ ಇವರೂ ಸೇರಿ ಹಿತ್ತಲ ಕೋಣೆಗೆ ಸಾಗಿಸಿದರು. ಅವಳು ಹೊತ್ತಾದರೂ ಮನೆಗೆ ಹೋಗದೆ, ನಾನು ಕೊಟ್ಟ ಚಹಾ ಹಿಡಿದು ಬಾಗಿಲಲ್ಲೇ ನಿಂತಳು. ಕಂಪ್ಯೂಟರ್ ಚಾಲೂ ಮಾಡಿದೆ. ಒಂದು ಬೀಪ್ ಬಂತು. ಕಪ್ಪು ಪರದೆ, ಬಿಳಿ ಅಕ್ಷರ.

ಇವರು ಪರದೆ ನೋಡಿದವರೇ ಜೇಬಿನಿಂದ ಸಿಗರೇಟು ತೆಗೆದು ತುಟಿಗೆ ಇಟ್ಟುಕೊಂಡು ಎದ್ದರು.

"ಕೂಡ್ರಿ" ಎಂದೆ. "ಇದು ಮೊದಲಿನ ಸಾಲಲ್ಲ. ಟೆಂಪರೇಚರ್ ಅಂತಿಲ್ಲ. ಫ್ಯಾನ್ ಎರರ್ ಅಂತದ."

"ಏನಾದ್ರೂ ಇರಲಿ. ಎರರ್ ಅಂದ್ರ ಎರರ್."

"ಪೂರಾ ಓದಾಕ ಬಿಡ್ರಿ ನನಗ."

ಸ್ವಿಚ್ ಆರಿಸಿ ಡಬ್ಬದೊಳಗೆ ನೋಡಿದರೆ ಫ್ಯಾನಿನ ವೈರು ಒಂದು ಕಡೆ ಜೋತುಬಿದ್ದಿತ್ತು. ಅದರ ತುದಿಯ ಬಿಳಿ ಪ್ಲಗ್ಗನ್ನು ಬೋರ್ಡಿಗೆ ಹಚ್ಚುವುದನ್ನೇ ಮರೆತಿದ್ದೆವು. ಅವರು ಸಿಗರೇಟು ತುಟಿಯಲ್ಲೇ ಇಟ್ಟುಕೊಂಡು ಬಗ್ಗಿ, "ಎಲ್ಲಾ ಹೂಳ ತಗದು ಗೇಟ್ ತೆಗಿಯೂದ ಬಿಟ್ಟೀವಿ" ಎಂದು ಗೊಣಗಿ, ಪ್ಲಗ್ ಒತ್ತಿದರು.

ಮತ್ತೆ ಚಾಲೂ ಮಾಡಿದೆ. ಈ ಸಲ ಫ್ಯಾನು ತಿರುಗಿತು. ಪರದೆಯ ಮೇಲೆ ಎಲೆಗಳು ಹರಡಿಕೊಂಡವು. ನಾನು ಕೂಗಿಗಾಗಿ ಕಾಯುತ್ತ ನಿಂತೆ. ಇವರು ಹಚ್ಚದ ಸಿಗರೇಟನ್ನು ತುಟಿಯಲ್ಲೇ ಇಟ್ಟುಕೊಂಡು ಮೊದಲ ಆಟ ಸೋತರು. ಎರಡನೆಯದನ್ನೂ ಸೋತರು. ಬಾಗಿಲಲ್ಲಿದ್ದವಳು ಚಹಾದ ಲೋಟ ಕೆಳಗಿಟ್ಟು, "ಸಾಹೇಬ್ರ, ಈಗೂ ಸೋಲಾಕತ್ತೀರಿ. ಆದ್ರ ಡಬ್ಬಿ ಅಳವಲ್ದು" ಎಂದು ಹೇಳಿ ಮನೆಗೆ ಹೋದಳು. ಇವರು ಡಬ್ಬದ ಹಿಂದೆ ಕೈ ಹಿಡಿದು, ನನ್ನ ಕೈಯನ್ನೂ ಎಳೆದು ಅಲ್ಲಿ ಹಿಡಿಸಿದರು. ಬಿಸಿ ಗಾಳಿ ಬರುತ್ತಿತ್ತು. ನಾನು ಗಾಬರಿಯಾದೆ.

"ಹೊರಗ ಬರಾಕತ್ತದಲ್ಲ, ಅದ ಬೇಕಾಗಿತ್ತು" ಎಂದರು. "ಇಷ್ಟ ದಿನ ಒಳಗ ನಿಂತಿತ್ತು."

ಕತ್ತಲಾಗುವ ಹೊತ್ತಿಗೆ ನಾನು ಒಲೆ ಹಚ್ಚಲು ಒಳಗೆ ಹೋದೆ. ಸ್ವಲ್ಪ ಹೊತ್ತಿಗೆ ಕುರ್ಚಿ ಸರಿದ ಸದ್ದು, ಹಿತ್ತಲ ಬಾಗಿಲು ತೆರೆದ ಸದ್ದು. ಕಂಪ್ಯೂಟರಿನ ಫ್ಯಾನು ಪಡಸಾಲೆಯಲ್ಲಿ ತಿರುಗುತ್ತಲೇ ಇತ್ತು. ರೊಟ್ಟಿಯ ಹಿಟ್ಟಿನ ಕೈಯಲ್ಲೇ ನಿಂತು ಕಿವಿಗೊಟ್ಟೆ. ಹೋಗಿ ನೋಡಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಹೊರಗೆ ಬಕೀಟಿನಿಂದ ನೀರು ಸುರಿದುಕೊಂಡ ಸದ್ದು ಬಂತು, ಮತ್ತೆ ಸುರಿದುಕೊಂಡರು, ಬಾಯಿ ಮುಕ್ಕಳಿಸಿದರು. ಆಮೇಲೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ತುಟಿ ಎರಡೂ ಕೆಂಪಾಗಿ ಉಬ್ಬಿದ್ದವು.

"ಕೈಯಾಗಿನ ಖಾರ ಸಿಗರೇಟಿಗಿ ಹತ್ತಿತ್ತು, ತುಟಿ ಸುಟ್ಟು ಹೋಗ್ಯಾವ" ಎಂದರು. "ಜರಾ ತುಪ್ಪ ಕೊಡು."

"ಆ ಸಿಗರೇಟ್ ಎಲ್ಲದರಿ?"

"ಬಚ್ಚಲ ಮೋರ್ಯಾಗ."

ತುಪ್ಪದ ಡಬ್ಬಿ ತೆಗೆದು ಬೆರಳಿಂದ ಅವರ ತುಟಿಗೆ ಹಚ್ಚಿದೆ. ಅಷ್ಟು ಹತ್ತಿರ ನಿಂತಾಗ ಮೂಸುವುದು ಬೇಕಾಗಲಿಲ್ಲ. ತುಪ್ಪದ ವಾಸನೆ, ಮೆಣಸಿನಕಾಯಿಯ ಘಾಟು, ಇಷ್ಟೇ. ಅವರು ಕಣ್ಣು ಮುಚ್ಚಿ ನಿಂತಿದ್ದರು, ಉರಿಗೋ ಏನೋ. ತವೆಯ ಮೇಲಿನ ರೊಟ್ಟಿ ಒಂದು ಕಡೆ ಹೊತ್ತಿತು. ಅದನ್ನು ನನ್ನ ತಾಟಿಗೆ ಹಾಕಿಕೊಂಡೆ.