ಅನುವಾದಕನಿಗೊಂದು ಶಾಲು

ಸ್ನೇಹಿತರೇ, ಯಾರಿಗೂ ಬೇಡವಾಗಿದ್ದ ಅನುವಾದಕ್ಕಾಗಿ ಇವತ್ತು ಮಣಿಪಾಲದಲ್ಲಿ ನನಗೆ ಶಾಲು ಹೊದೆಸಿದರು.

ಕೊರಗ ಸಮುದಾಯದ ಹೈಸ್ಕೂಲು ಮಕ್ಕಳಿಗೆ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮಾರ್ಗದರ್ಶನ ಮಾಡುವ ಕಾರ್ಯಕ್ರಮ. ಮಾರ್ಗದರ್ಶಿಯಾದ ಲಕ್ನೋದ ರೋಹನ್‌ಗೆ ಕನ್ನಡ ಬಾರದೆಂದು ನನ್ನನ್ನು ಕರೆದಿದ್ದರು. ಕಾರ್ಕಳದಿಂದ ಬಂದಿದ್ದ ಹತ್ತನೇ ತರಗತಿಯ ಸುಷ್ಮಾ ಅವನೊಡನೆ ಇಂಗ್ಲಿಷಿನಲ್ಲೇ ಆರಾಮವಾಗಿ ಮಾತಾಡುತ್ತಿದ್ದಳು.

ಸಂಯೋಜಕಿ ಮೇಡಂ ಓಡಿ ಬಂದರು. "ಇಂಗ್ಲಿಷ್ ಬೇಡ ಮಗು, ವಿಡಿಯೊ ಆಗ್ತಾ ಉಂಟು. ನಿನ್ನ ಭಾಷೆಯಲ್ಲೇ ಹೇಳು. ಸರ್ ಅನುವಾದ ಮಾಡ್ತಾರೆ."

ಸುಷ್ಮಾ ಕೊರಗ ಭಾಷೆಯಲ್ಲಿ ನಾಲ್ಕು ಮಾತು ಹೇಳಿದಳು. ಎಲ್ಲರೂ ನನ್ನ ಮುಖ ನೋಡಿದರು.

"ನನಗೆ ಕನ್ನಡ, ತುಳು ಬರ್ತದೆ ಮೇಡಂ. ಇದು ಬರುವುದಿಲ್ಲ."

"ಎಂತ ಸರ್, ಮೊದಲೇ ಹೇಳಬಾರದಾ?"

ಕೊನೆಗೆ ಸುಷ್ಮಾಳೇ ನನಗೆ ಕನ್ನಡದಲ್ಲಿ ಹೇಳಿದಳು: "ಐದು ಗಂಟೆಗೆ ಇಲ್ಲಿಯ ಲ್ಯಾಬ್ ಮುಚ್ಚುತ್ತಾರಂತೆ ಸರ್. ನನಗೆ ಒಮ್ಮೆ ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ನಮ್ಮ ಶಾಲೆಯದ್ದು ಯಾವಾಗಲೂ ಕಪಾಟಿನಲ್ಲೇ ಇರುವುದು."

ನಾನು ಅದನ್ನು ಇಂಗ್ಲಿಷಿಗೆ ತಂದೆ. "ಇವಳು ಆಗಲೇ ನನಗೆ ಇದನ್ನೇ ಹೇಳಿದಳಲ್ಲ!" ಎಂದ ರೋಹನ್.

ಗಂಟೆ ಐದಾಗುತ್ತಾ ಬಂದಿತ್ತು. ಮೇಡಂ ಸನ್ಮಾನ ಶುರು ಮಾಡಿದರು. ಶಾಲು, ಹಣ್ಣಿನ ಬುಟ್ಟಿ, ಭಾಷೆಗಳ ನಡುವೆ ನಾನು ಕಟ್ಟಿದ ಸೇತುವೆಯ ಕುರಿತು ಸಣ್ಣ ಭಾಷಣ. ಗ್ರೂಪ್ ಫೋಟೋಗೆಂದು ತಿರುಗಿದರೆ ಸುಷ್ಮಾ, ರೋಹನ್ ಇಬ್ಬರ ಕುರ್ಚಿಗಳೂ ಖಾಲಿ.

"ಇವರು ಎಲ್ಲಿ ಹೋದರು ಮಾರಾಯ್ರೆ?" ಎಂದರು ಮೇಡಂ.

"ಲ್ಯಾಬಿಗೆ" ಎಂದೆ. ಇಡೀ ದಿನದಲ್ಲಿ ಯಾರ ನೆರವೂ ಇಲ್ಲದೆ ನನಗೆ ಅರ್ಥವಾದದ್ದು ಅದೊಂದೇ.