ಹುಳದ ಮನೆಯ ಹೊರಗೆ

ರೇಷ್ಮೆ ಹುಳ ಸಾಕುವ ಮನೆಯಲ್ಲಿ ಹೆಂಗಸಿನ ಮೈಯ ಗುಟ್ಟು ನಿಲ್ಲುವುದಿಲ್ಲ. ಮುಟ್ಟಾದವಳು ಹುಳದ ಕೋಣೆಗೆ ಕಾಲಿಡುವಂತಿಲ್ಲ, ಹುಳಕ್ಕೆ ಹಾಕುವ ಹಿಪ್ಪುನೇರಳೆ ಸೊಪ್ಪು ಮುಟ್ಟುವಂತಿಲ್ಲ. ಮೂರು ದಿನ ಜಗುಲಿಯಲ್ಲಿ ಚಾಪೆ, ಬೇರೆ ತಟ್ಟೆ, ಬೇರೆ ಲೋಟ. ಹಾಗಾಗಿ ಯಾರು ಯಾವಾಗ ಹೊರಗೆ ಕೂತರು ಎಂಬುದು ಬೀದಿಗೆಲ್ಲ ಗೊತ್ತು. ಕೂರಲಿಲ್ಲ ಎಂಬುದು ಇನ್ನೂ ಬೇಗ ಗೊತ್ತಾಗುತ್ತದೆ.

ನನ್ನನ್ನು ಹೊಂಗನೂರಿಗೆ ಕೊಟ್ಟಿದ್ದರು. ಮೈಸೂರು ರಸ್ತೆಯುದ್ದಕ್ಕೂ ಕಾರ್ಖಾನೆಗಳು ಏಳುತ್ತಿದ್ದ ಕಾಲ ಅದು. ಗಂಡ ಬಿಡದಿ ಕಡೆ ಕಾಂಟ್ರಾಕ್ಟ್ ಕೆಲಸಕ್ಕೆ ಹೋಗುತ್ತಿದ್ದರು, ನಾನು ಬೆಳಿಗ್ಗೆ ವ್ಯಾನು ಹತ್ತಿ ಗಾರ್ಮೆಂಟ್ಸಿಗೆ. ಮೊದಲ ಸಲ ಬಸುರಾದಾಗ ನಾನು ಬಾಯಿ ಬಿಡುವ ಮೊದಲೇ ಹುಳದ ಮನೆ ಸಾರಿಬಿಟ್ಟಿತು. ಅತ್ತೆ ಖುಷಿಗೆ ಬೀದಿಗೆಲ್ಲ ಹೇಳಿಕೊಂಡು ಬಂದರು. ಮೂರನೇ ತಿಂಗಳಲ್ಲಿ ಅದು ಹೋಯಿತು. ಸಾವಿನ ಮನೆಗೆ ಬರುವ ಹಾಗೆ ಒಬ್ಬೊಬ್ಬರೇ ಬಂದು ಕೂತರು, ಒಬ್ಬೊಬ್ಬರೂ ಒಂದೊಂದು ಕಾರಣ ಬಿಟ್ಟು ಎದ್ದರು. ಪರಂಗಿ ಹಣ್ಣು ತಿಂದಿರಬೇಕು. ಹೊಲಿಗೆ ಮಿಷನ್ನಿನ ಪೆಡಲು ತುಳಿದರೆ ನಿಲ್ಲುತ್ತದಾ? ವ್ಯಾನಿನಲ್ಲಿ ಕುಲುಕಿರಬೇಕು. ನಾನು ಗೋಡೆ ಕಡೆ ತಿರುಗಿ ಮಲಗಿ ಇವರ ಬಾಯಿಗೆ ಮಣ್ಣು ಬೀಳಲಿ ಅಂದುಕೊಂಡೆ. ಗಾರ್ಮೆಂಟ್ಸಿಗೆ ಹೋಗುವುದು ಅಲ್ಲಿಗೆ ನಿಂತಿತು.

ಮಾರನೇ ವರ್ಷ ಮತ್ತೆ ದಿನ ತಪ್ಪಿತು. ಬ್ಲೌಸ್ ಹೊಲಿಯಲು ಕೊಡುವ ನೆಪ ಮಾಡಿ ಚನ್ನಪಟ್ಟಣಕ್ಕೆ ಹೋಗಿ, ಮೆಡಿಕಲ್ ಸ್ಟೋರಿನಲ್ಲಿ ಟೆಸ್ಟ್ ಮಾಡುವ ಪಟ್ಟಿ ತಂದೆ. ಎರಡು ಗೆರೆ ಬಂತು. ಈ ಸಲ ಯಾರಿಗೂ ಹೇಳುವುದಿಲ್ಲ, ಮೂರು ತಿಂಗಳು ದಾಟಲಿ ಎಂದು ಹಟ ಹಿಡಿದೆ. ಗಂಡನಿಗೂ ಹೇಳಲಿಲ್ಲ. ಅವರ ಹೊಟ್ಟೆಯಲ್ಲಿ ಮಾತು ಉಳಿಯುವುದಿಲ್ಲ, ನೇರ ಅವ್ವನ ಕಿವಿಗೆ ಹೋಗುತ್ತದೆ. ಆದರೆ ಹುಳದ ಮನೆ ಇತ್ತಲ್ಲ! ಅದಕ್ಕೆ ಅವತ್ತು ಸಂಜೆಯೇ ಅತ್ತೆಗೆ ಒಂದು ಸುಳ್ಳು ಹೇಳಿದೆ.

"ಅತ್ತೆ, ನಾನು ಹೊರಗಾಗಿವ್ನಿ."

ಅತ್ತೆ ಸೊಪ್ಪು ಹರಡುತ್ತಿದ್ದವರು ತಲೆ ಎತ್ತಲಿಲ್ಲ. "ಸರಿ, ಜಗುಲಿ ಮ್ಯಾಲೆ ಬಿದ್ಕೊ ಹೋಗು," ಅಂದರು.

ಮೂರು ದಿನ ಜಗುಲಿಯಲ್ಲಿ ಕೂತು, ಮುಟ್ಟಾಗದವಳು ಮುಟ್ಟಾದವಳಂತೆ ಬೇರೆ ತಟ್ಟೆಯಲ್ಲಿ ಉಂಡೆ. ಗೆದ್ದೆ ಅನ್ನಿಸಿತ್ತು.

ಬಸುರಿಯ ಮೈಗೆ ಏನಾಗುತ್ತದೆಂದು ಕೇಳಿದರೆ ಎಲ್ಲರೂ ವಾಂತಿ, ಹುಣಸೇಕಾಯಿ ಅನ್ನುತ್ತಾರೆ. ಮಿಕ್ಕದ್ದನ್ನು ಯಾರೂ ಹೇಳಿರಲಿಲ್ಲ. ನಾಲಿಗೆಯ ಮೇಲೆ ತಾಮ್ರದ ಚೊಂಬು ನೆಕ್ಕಿದ ಹಾಗೆ ಒಂದು ರುಚಿ, ಏನು ಉಂಡರೂ ಹೋಗದು. ಕುಪ್ಪಸ ತಾಗಿದರೂ ಎದೆ ನೋಯುವುದು. ಗಳಿಗೆಗೊಮ್ಮೆ ಹಿತ್ತಲಿಗೆ ಓಡುವುದು. ಕೂತಲ್ಲೇ ತೂಕಡಿಕೆ. ಬಾಡಿದ ಸೊಪ್ಪು, ಹುಳದ ಹಿಕ್ಕೆ ಸೇರಿದ ವಾಸನೆ ಮೂಗಿಗೆ ಹೊಡೆದರೆ ಕರುಳು ಬಾಯಿಗೆ ಬರುತ್ತಿತ್ತು. ಚಿಲ್ಲರೆ ಇಲ್ಲವೆಂದು ಕಂಡಕ್ಟರು ಗದರಿದ್ದಕ್ಕೆ ದಾರಿಯುದ್ದಕ್ಕೂ ಕಣ್ಣೀರು ಸುರಿಸಿದೆ. ಎಲ್ಲಕ್ಕಿಂತ ಕೆಟ್ಟದ್ದು ಭಯ. ಹಿತ್ತಲಿಗೆ ಹೋದಾಗಲೆಲ್ಲ ಸೀರೆ ತಿರುಗಿಸಿ ನೋಡುತ್ತಿದ್ದೆ. ಏನೂ ಇಲ್ಲವೆಂದರೂ ಸಂತೋಷಪಡಲು ಧೈರ್ಯ ಬರುತ್ತಿರಲಿಲ್ಲ. ಒಂದು ಬೆಳಿಗ್ಗೆ ವಾಕರಿಕೆ ಬರಲಿಲ್ಲ ಎಂದರೆ ಅದಕ್ಕೂ ಹೆದರುತ್ತಿದ್ದೆ.

ಅದೇ ದಿನಗಳಲ್ಲಿ ಅತ್ತೆಯ ಮೇಲೆ ನನಗೆ ವಿನಾಕಾರಣ ಸಿಟ್ಟು. ಸಾರಿಗೆ ಒಗ್ಗರಣೆ ಹಾಕುವುದನ್ನೇ ಬಿಟ್ಟಿದ್ದರು, ಎಣ್ಣೆಯಲ್ಲೂ ಜಿಪುಣತನ ಅಂದುಕೊಂಡೆ. ಒಗ್ಗರಣೆಯ ಘಾಟು ತಪ್ಪಿದ್ದು ನನಗೆ ಹಿತವಾಗಿತ್ತು, ಆದರೂ ಬೈದುಕೊಂಡೆ. ತೋಟದಿಂದ ಸೊಪ್ಪಿನ ಹೊರೆ ತರುವುದನ್ನೂ ಒಬ್ಬರೇ ಮಾಡತೊಡಗಿದರು. "ನೀನು ಹೊತ್ರೆ ಅರ್ಧ ದಾರೀಲೇ ಚೆಲ್ತೀಯಾ, ಕೂತ್ಕಂಡು ಸೊಪ್ಪು ಕತ್ತರ್ಸು," ಅಂದರು. ನನ್ನನ್ನು ಕೆಲಸಕ್ಕೆ ಬಾರದವಳೆಂದು ಲೆಕ್ಕ ಹಾಕಿದ್ದಾರೆ ಎಂದು ಒಳಗೊಳಗೇ ಕುದಿದೆ.

ಮುಂದಿನ ತಿಂಗಳು ಅದೇ ಸುಳ್ಳು ಮತ್ತೆ ಹೇಳಿದೆ. ಅತ್ತೆ ಮತ್ತೆ "ಸರಿ" ಅಂದರು.

ಮಾರನೇ ದಿನ ಸುಳ್ಳು ನಿಜವಾಯಿತು. ಬೆಳಿಗ್ಗೆ ಸೊಂಟದಲ್ಲಿ ಎಳೆತ, ಆಮೇಲೆ ರಕ್ತ. ಹಿತ್ತಲಲ್ಲಿ ಬಚ್ಚಲ ಗೋಡೆ ಹಿಡಿದು ನಿಂತಿದ್ದೆ, ಎಷ್ಟು ಹೊತ್ತೋ ಗೊತ್ತಿಲ್ಲ. ನನ್ನ ಬಾಯೇ ಅದನ್ನು ಕರೆದು ತಂದಿತೇನೋ ಎನ್ನಿಸಿತು. ಅದರ ಮಾರನೇ ದಿನ ಚನ್ನಪಟ್ಟಣದ ಡಾಕ್ಟರಮ್ಮ ಹಾಗೆಲ್ಲ ಆಗುವುದಿಲ್ಲ, ನಿನ್ನ ತಪ್ಪೇನೂ ಇಲ್ಲ ಎಂದು ಎರಡು ಸಲ ಹೇಳಿದರು. ಆದರೆ ಆ ಹೊತ್ತಿನಲ್ಲಿ ಹೇಳುವವರು ಯಾರಿದ್ದರು? ಆಗಲೇ ಹೊರಗೆ ಕೂತಿದ್ದವಳು ನಾನು. ಯಾಕೆ ಕೂತೆ ಎಂದು ಯಾರೂ ಕೇಳುವಂತಿರಲಿಲ್ಲ. ಅಳುವುದಕ್ಕೂ ಒಂದು ಕಾರಣ ಹೇಳಬೇಕಾಗುತ್ತದಲ್ಲ ಎಂದು ಅಳುವನ್ನೂ ನುಂಗಿದೆ. ಬಟ್ಟೆಗಳನ್ನು ಒಗೆದು, ಹಿತ್ತಲ ಬೇಲಿಯ ಮೇಲೆ ಹರವಿ, ಯಾರ ಕಣ್ಣಿಗೂ ಬೀಳದಂತೆ ಮೇಲೊಂದು ಹಳೇ ಸೀರೆ ಮುಚ್ಚಿ ಜಗುಲಿಗೆ ಬಂದು ಮಲಗಿದೆ.

ಮಧ್ಯಾಹ್ನ ಅತ್ತೆ ತೋಟದಿಂದ ಬಂದರು. ಹುಳಗಳು ಕೊನೆಯ ಸಲ ಪೊರೆ ಬಿಟ್ಟು ಎದ್ದಿದ್ದವು. ಆಗ ಅವಕ್ಕೆ ಹಸಿವೋ ಹಸಿವು, ಸೊಪ್ಪು ಒಂದು ಗಳಿಗೆ ತಡವಾಗಬಾರದು. ಹೊರೆ ಹೊತ್ತು ಹಿತ್ತಲ ಕಡೆಯಿಂದ ಬಂದವರು ಬೇಲಿಯ ಹತ್ತಿರ ನಿಂತರು. ಗಾಳಿಗೆ ಹಳೇ ಸೀರೆ ಸರಿದಿತ್ತು. ಬಹಳ ಹೊತ್ತು ನೋಡಿದರು. ಆಮೇಲೆ ಹೊರೆಯನ್ನು ಹುಳದ ಮನೆಗೆ ಒಯ್ಯದೆ ಅಂಗಳದಲ್ಲೇ ಇಳಿಸಿ, ನನ್ನ ಪಕ್ಕ ಬಂದು ಕೂತರು.

"ಹೋದ ತಿಂಗ್ಳು ನೀನು ಬಟ್ಟೆ ಒಣಗಾಕಿರ್ನಿಲ್ಲ," ಅಂದರು. "ಅವತ್ತೇ ಗೊತ್ತಾಯ್ತು ನಂಗೆ. ನೀನಾಗೇ ಯೋಳೋಗಂಟ ಕೇಳ್ಬಾರ್ದು ಅಂತ ಸುಮ್ಕಿದ್ದೆ."

ಸುಳ್ಳು ಹೇಳುವುದು ನೆನಪಿತ್ತು, ಎರಡು ಬಟ್ಟೆ ನೆನೆಸಿ ಒಣಹಾಕುವುದು ನೆನಪಿರಲಿಲ್ಲ. ಒಗ್ಗರಣೆ, ಸೊಪ್ಪಿನ ಹೊರೆ, ಎಲ್ಲ ಒಟ್ಟಿಗೇ ಅರ್ಥವಾಯಿತು. ಅತ್ತೆ ನನ್ನ ತಲೆಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಹೊರಗೆ ಕೂತವಳನ್ನು ಮುಟ್ಟಿದರೆ ತಲೆಗೆ ನೀರು ಹಾಕಿಕೊಳ್ಳದೆ ಹುಳದ ಮನೆಗೆ ಹೋಗುವ ಹಾಗಿಲ್ಲ. ನನಗೆ ಗಾಬರಿಯಾಯಿತು.

"ಅತ್ತೆ, ಹುಳಕ್ಕೆ ಸೊಪ್ಪು..." ಅಂದೆ.

"ಒಸಿ ಹಸ್ಕಂಡಿರ್ಲಿ ಬುಡು," ಅಂದರು. ಎದ್ದು ಹೋಗಲಿಲ್ಲ.