ಆಯಿ ಕಟ್ಟಿದ ಕಾಗದದ ಗೋಡೆ

ನಮ್ಮ ಆಯಿ ಮಾಳಮ್ಮ, ಅಂದರೆ ಅಪ್ಪನ ತಾಯಿ, ಕಾಗದದಿಂದ ಗೋಡೆ ಕಟ್ಟಿದವಳು. ನಗಬೇಡಿ. ಆ ಗೋಡೆ ಏಳದಿದ್ದರೆ ಇದನ್ನು ಹೇಳಲು ನಾನೇ ಹುಟ್ಟುತ್ತಿರಲಿಲ್ಲ.

ಹತ್ತಿಕುಣಿಯಲ್ಲಿ ನಮ್ಮದು ಒಂದೇ ಕೋಣೆಯ ಮನೆ. ಅಪ್ಪ ಮಲ್ಕಪ್ಪ ಕುರಿ ಕಾಯುತ್ತಿದ್ದ. ನಿಜಾಮನ ಆಳ್ವಿಕೆ ಮುಗಿದು, ಕಚೇರಿಗಳಲ್ಲಿ ಉರ್ದು ಹೋಗಿ ಕನ್ನಡ ಬರುತ್ತಿದ್ದ ಕಾಲ. ಆಗಲೇ ಅವನ ಮದುವೆಯಾಗಿ, ಸೈದಾಪುರದ ಕಡೆಯಿಂದ ನಮ್ಮವ್ವ ಶೇಖಮ್ಮ ಬಂದಳು. ಪಂಚಮಿಗೆ ತವರಿಗೆ ಹೋದವಳು ದೀಪಾವಳಿ ಕಳೆದರೂ ತಿರುಗಿ ಬರಲಿಲ್ಲ. ಕರೆಯಲು ಹೋದ ಅಪ್ಪನಿಗೆ ಮುಖ ತಗ್ಗಿಸಿಕೊಂಡೇ ಹೇಳಿದಳಂತೆ: "ಅತ್ತಿ ಭಾಳ ಛಲೋ ಅದಾರ. ಆದ್ರ ಆ ಮನ್ಯಾಗ ಉಸುರು ಬಿಟ್ರೂ ಅವರಿಗೆ ಕೇಳತದ. ನಿಮ್ಮ ಜೋಡಿ ಎರಡು ಮಾತು ಹೆಂಗ ಆಡ್ಲಿ ಹೇಳ್ರಿ?"

ಬೇರೆ ಅತ್ತೆಯಾಗಿದ್ದರೆ ಊರು ಒಂದು ಮಾಡುತ್ತಿದ್ದಳು. ಆಯಿ ಗೌಂಡಿ ಅಯ್ಯಣ್ಣನನ್ನು ಕರೆಸಿ, ಕೋಣೆಯ ನಡುವೆ ಒಂದು ಗೋಡೆ ಎತ್ತು ಎಂದಳು. ಅವನು ನೆಲ ತಟ್ಟಿ ನೋಡಿ ತಲೆಯಾಡಿಸಿದ. ನಡುವೆಯೇ ಹಗೇವು ಇತ್ತು, ಜೋಳ ತುಂಬಿಡುವ ನೆಲದೊಳಗಿನ ಗುಂಡಿ. ಕಲ್ಲು ಮಣ್ಣಿನ ಭಾರ ಹೊರಿಸಿದರೆ ಗೋಡೆ ಹೋಗಿ ಹಗೇವಿನಲ್ಲಿ ಕೂರುತ್ತದೆ. ದಂಟಿನ ತಟ್ಟಿ ಹಗುರ ನಿಜ, ಆದರೆ ಮಾತು ತಡೆಯುವುದಿಲ್ಲ.

ಆಯಿಗೆ ಕಾಗದದ ಬುಟ್ಟಿ ಮಾಡಲು ಬರುತ್ತಿತ್ತು. ಕಾಗದ ನೆನೆಸಿ, ಮೆಂತ್ಯ ಹಾಕಿ ರುಬ್ಬಿ, ಗಡಿಗೆಯ ಮೇಲೆ ಬಡಿದು ಒಣಗಿಸಿದರೆ ಹಗುರವೂ ಹೌದು, ಗಟ್ಟಿಯೂ ಹೌದು. ಬುಟ್ಟಿ ನಿಲ್ಲುವುದಾದರೆ ಗೋಡೆ ಯಾಕೆ ನಿಲ್ಲಬಾರದು? ಯಾದಗಿರಿಯ ಲಾಡ್ಲೇಸಾಬನ ರದ್ದಿ ಅಂಗಡಿಯಲ್ಲಿ ಹಳೆಯ ಉರ್ದು ಪತ್ರಿಕೆಗಳು ರಾಶಿ ಬಿದ್ದಿದ್ದವು. ದೇವರ ಹೆಸರಿದ್ದ ಹಾಳೆಗಳನ್ನು ಅವನೇ ಆರಿಸಿ ತೆಗೆದಿಟ್ಟು, ಉಳಿದ ಗಂಟನ್ನು ಆಯಿಯ ತಲೆಗೆ ಹೊರಿಸಿದ.

ಅಭ್ಯಾಸ ಎಲ್ಲಿ ಬಿಡುತ್ತದೆ, ಗೋಡೆಗೆಂದು ಬಡಿದ ಕಾಗದದ ಇಟ್ಟಿಗೆಗೂ ಮೆಂತ್ಯ ಹಾಕಿದಳು. ಅಂಗಳದಲ್ಲಿ ಒಣಗಲು ಇಟ್ಟದ್ದನ್ನೆಲ್ಲ ನಮ್ಮ ಆಡುಗಳೇ ತಿಂದು ತೇಗಿದವು. ಮಾಳಮ್ಮ ಆಡಿಗೆ ಗೋಡೆ ಮೇಯಿಸಿದಳು ಎಂದು ಓಣಿಯೆಲ್ಲ ನಗೆಯಾಡಿತು. ಆಯಿ ಮತ್ತೆ ಯಾದಗಿರಿಗೆ ನಡೆದಳು. ಈ ಸಲ ಮೆಂತ್ಯ ಬಿಟ್ಟು ಸುಣ್ಣ, ಮಣ್ಣು, ಬೇವಿನೆಲೆ ಬೆರೆಸಿದಳು. ಗೋಡೆಯ ಮಣ್ಣನ್ನು ಕಾಲಲ್ಲಿ ತುಳಿದು ಹದ ಮಾಡುವುದು ರೂಢಿ. ಕಾಗದವೆಂದರೆ ಸರಸ್ವತಿ, ತುಳಿಯುವುದು ಹೇಗೆ? ಅಷ್ಟನ್ನೂ ಕೈಯಲ್ಲೇ ನಾದಿದಳು. ಸುಣ್ಣಕ್ಕೆ ಬೆರಳುಗಳು ಒಡೆದು ರಕ್ತ ಬಂತು.

ಗೋಡೆ ನಿಂತಿತು. ಅದರಲ್ಲೊಂದು ಗಿಡ್ಡ ಬಾಗಿಲು, ಅದಕ್ಕೆ ದಪ್ಪ ಹಲಗೆ. ಆಯಿ ತಾನೇ ಹೋಗಿ ಸೊಸೆಯನ್ನು ಕರೆತಂದಳು. ಒಲೆಯಿದ್ದ ಬೆಚ್ಚಗಿನ ಕಡೆ ಮಗ ಸೊಸೆಗೆ, ಗಾಳಿ ಹೊಡೆಯುವ ಕಡೆ ತನಗೆ. ಅವ್ವ ಗೋಡೆ ಮುಟ್ಟಿ ನೋಡಿದಳು, ಆಯಿಯ ಬೆರಳು ನೋಡಿದಳು.

ಕಾಗದದ ಗೋಡೆ ಸದ್ದನ್ನೆಲ್ಲ ನುಂಗುತ್ತದೆ. ಆ ಚಳಿಗಾಲ ಅಪ್ಪ ಕುರಿಗಳ ಜೊತೆ ದೂರ ಹೋಗಿದ್ದಾಗ ಆಯಿಗೆ ಜ್ವರ ಬಂತು. ಬೆಳಿಗ್ಗೆ ನೀರು ನೀರು ಎಂದು ಕೂಗಿದಳು. ಆಚೆ ಕಡೆ ಜೋಳ ಬೀಸುತ್ತಿದ್ದ ಅವ್ವನಿಗೆ ಕೇಳಲೇ ಇಲ್ಲ. ಹಿಟ್ಟು ತುಂಬಿಟ್ಟು ಈಚೆ ಬಂದಾಗ, ಬಿಂದಿಗೆಯ ಕಡೆ ತೆವಳಿದ್ದ ಆಯಿ ನಡುದಾರಿಯಲ್ಲೇ ಬಿದ್ದಿದ್ದಳು.

ಅವ್ವ ಎತ್ತಿ ಮಲಗಿಸಿ ನೀರು ಕುಡಿಸಿದಳು, ಹಣೆಗೆ ಒದ್ದೆ ಬಟ್ಟೆ ಹಾಕಿದಳು. ಆಮೇಲೆ ಕುಡುಗೋಲು ತಂದು ಗೋಡೆ ಕೊರೆಯತೊಡಗಿದಳು. ಆಯಿ ಮಲಗಿದಲ್ಲಿಂದಲೇ ಬೇಡ ಬೇಡವೆಂದು ಕೈ ಮುಗಿದಳು. ಗೋಡೆ ಹೋದರೆ ಸೊಸೆಯೂ ಹೋಗುತ್ತಾಳೆಂಬ ಭಯ ಅವಳಿಗೆ.

"ನಾ ಎಲ್ಲೂ ಹೋಗಂಗಿಲ್ರಿ ಅತ್ತಿ," ಎಂದಳು ಅವ್ವ, ಅಳುತ್ತಲೇ. "ನೀವು ಕರೆದ್ರ ನನಗ ಕೇಳಬೇಕ್ರಿ."

ಆಯಿ ಕಣ್ಣೊರೆಸಿಕೊಂಡಳು.

"ತೂತು ಸಣ್ಣದು ಮಾಡು ಮಗಳ," ಅಂದಳು. "ನೀವಿಬ್ರು ಆಡೋ ಮಾತು ನನಗ ಕೇಳಬಾರದು."